ಅಪ್ಪನ ಪದ, ಊರಿನವರ ಮಾತು

ನಮ್ಮ ಮನೆಯಲ್ಲಿ ಒಗ್ಗರಣೆ ಹಾಕಬೇಕಾದರೆ ಅಪ್ಪನ ಅಪ್ಪಣೆ ಬೇಕಿತ್ತು. ಹೀಗೆಂದ ಕೂಡಲೇ ಅಪ್ಪ ಭಾರೀ ದರ್ಬಾರಿನ ಮನುಷ್ಯ ಎಂದುಕೊಳ್ಳಬೇಡಿ. ಅಮ್ಮನ ಎದುರು ಅವರ ಜೋರು ನಡೆದದ್ದನ್ನು ನಾನು ಕಂಡಿಲ್ಲ. ಆದರೆ ನಡುಕೋಣೆಯ ಬಾಗಿಲು ಹಾಕಿ, ಕಿಟಕಿಗೆ ಹಾಸಿಗೆ ಒತ್ತರಿಸಿ ನಿಲ್ಲಿಸಿ, ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿ ಹಾರ್ಮೋನಿಯಂ ಮುಂದೆ ಕೂತರೆಂದರೆ ಮುಗಿಯಿತು, ಸಾಸಿವೆ ಸಿಡಿಯುವ ಹಾಗಿಲ್ಲ, ಕೊಡಪಾನ ಗೋಡೆಗೆ ತಾಗುವ ಹಾಗಿಲ್ಲ, ನನಗೆ ಸೀನು ಬರುವ ಹಾಗಿಲ್ಲ. ಆ ದಿನಗಳಲ್ಲಿ ನಮಗೆ ಗಂಜಿ, ಬೆಳಿಗ್ಗೆಯೇ ಅರೆದಿಟ್ಟ ಚಟ್ನಿ. ಬಂಟ್ವಾಳ ಪೇಟೆಯ ಅಂಗಡಿಗಳ ಸಾಲಿನ ಹಿಂದೆ ನಮ್ಮದು ಬಾಡಿಗೆ ಮನೆ: ಒಂದು ಜಗಲಿ, ಒಂದು ನಡುಕೋಣೆ, ಒಂದು ಅಡಿಗೆಮನೆ. ನೆರೆ ಬಂದ ವರ್ಷ ನೇತ್ರಾವತಿ ಹೇಳದೆ ಕೇಳದೆ ಒಳಗೆ ಬರುತ್ತಿತ್ತು. ಆಗ ಅಪ್ಪ ಮೊದಲು ಟೇಪ್ ರೆಕಾರ್ಡರನ್ನು ಅಟ್ಟಕ್ಕೆ ಏರಿಸುತ್ತಿದ್ದರು, ಆಮೇಲೆ ಹಾರ್ಮೋನಿಯಂ, ಆಮೇಲೆ ನನ್ನನ್ನು. ಅಕ್ಕಿ ಡಬ್ಬಿ ಎತ್ತುವುದು ಅಮ್ಮನ ಪಾಲಿಗೆ ಬರುತ್ತಿತ್ತು. ಅದಕ್ಕೇ ಅಮ್ಮನಿಗೆ ಆ ಪೆಟ್ಟಿಗೆಗಳ ಮೇಲೆ ಒಂದು ಕಣ್ಣು ಯಾವತ್ತೂ ಕೆಂಪಾಗಿಯೇ ಇತ್ತು.

ಅಪ್ಪ ಮೊದಲು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು. ತುಳುವಿನಲ್ಲಿ ತಾವೇ ಪದ ಕಟ್ಟಿ ತಾವೇ ರಾಗ ಹಾಕಿ ಹಾಡುತ್ತಿದ್ದರು. ಭಜನೆಯಲ್ಲ, ಯಕ್ಷಗಾನ ಆಟದ ಪದವೂ ಅಲ್ಲ, ಅವರದ್ದೇ ಒಂದು ಬಗೆ. ಹೊಳೆಗೆ ಸಿಟ್ಟು ಬಂದರೆ ಅದನ್ನು ಸಮಾಧಾನ ಮಾಡುವವರು ಯಾರೆಂದು ಕೇಳುವ ಒಂದು ಪದ ಇತ್ತು. ಸಂತೆಗೆ ಬಂದ ಹೆಂಗಸು ಕಡೆಯ ಬಸ್ಸು ತಪ್ಪಿಸಿಕೊಂಡು, ಮನೆಗೆ ಹೋಗದೆ ಇರುವುದಕ್ಕೆ ಒಂದು ನೆಪ ಸಿಕ್ಕಿತಲ್ಲ ಎಂದು ಒಳಗೊಳಗೇ ಖುಷಿಪಡುವ ಇನ್ನೊಂದು ಪದ. ಅದನ್ನು ಕೇಳಿದ ಗಂಡಸರು ನಗುತ್ತಿದ್ದರು, ಹೆಂಗಸರು ಸುಮ್ಮನಾಗುತ್ತಿದ್ದರು. ಮಿಲ್ಲು ಬಿಟ್ಟು, ಈ ಪದಗಳ ಕ್ಯಾಸೆಟ್ಟು ಮಾಡಿ ಮಾರಿಯೇ ಸಂಸಾರ ನಡೆಸುತ್ತೇನೆ ಎಂದು ಅಪ್ಪ ಹೊರಟಾಗ ಊರೆಲ್ಲ ಮಂಡೆಗೆ ಬೆರಳು ತಿರುಗಿಸಿ ತೋರಿಸಿತು. ಅಮ್ಮ ಮಾತ್ರ, "ಆಯ್ತು, ನೋಡುವ" ಎಂದಳು. ಆ "ನೋಡುವ" ಎಂಬ ಮಾತಿನ ಮೇಲೆಯೇ ನಮ್ಮ ಮನೆ ಕೆಲವು ವರ್ಷ ನಿಂತಿತು. ಈಗಿನ ಹುಡುಗರು ಮೊಬೈಲಿನಲ್ಲಿ ಹಾಡು ಹಾಕಿ ಅದರಿಂದಲೇ ಬದುಕುತ್ತೇವೆ ಎಂದು ಎದೆ ಉಬ್ಬಿಸಿ ಹೇಳುವಾಗ ನನಗೆ ಬಯ್ಯುವ ಮನಸ್ಸಾಗುತ್ತದೆ, ಅಪ್ಪಿಕೊಳ್ಳುವ ಮನಸ್ಸೂ ಆಗುತ್ತದೆ. ಎರಡನ್ನೂ ಮಾಡದೆ ಚಾ ಕೊಟ್ಟು ಕಳಿಸುತ್ತೇನೆ.

ಕ್ಯಾಸೆಟ್ಟಿನ ಕೆಲಸವೆಲ್ಲ ನಡೆಯುತ್ತಿದ್ದದ್ದು ಮನೆಯಲ್ಲೇ. ಒಂದು ಮೂಲ ಕ್ಯಾಸೆಟ್ಟು. ಅದರಿಂದ ಎರಡು ಬಾಯಿಯ ಟೇಪ್ ರೆಕಾರ್ಡರಿನಲ್ಲಿ ಒಂದಾದ ಮೇಲೆ ಒಂದು ನಕಲು ಇಳಿಯುತ್ತಿತ್ತು. ಅಮ್ಮ ಮೈದಾದ ಅಂಟು ಕಾಯಿಸಿ ಹೆಸರಿನ ಚೀಟಿ ಅಂಟಿಸುತ್ತಿದ್ದಳು. ಚೀಟಿಯಲ್ಲಿ ಅಪ್ಪನ ಹೆಸರು, ಕೆಳಗೆ ನಮ್ಮ ಮನೆಯ ವಿಳಾಸ. ಫೋಟೋ ಹಾಕಿಸಲು ಕೈಯಲ್ಲಿ ದುಡ್ಡು ಇರಲಿಲ್ಲ. ಕೊನೆಯ ಕೆಲಸ ಅಪ್ಪನದು. ಕ್ಯಾಸೆಟ್ಟಿನ ಅಂಚಿನಲ್ಲಿ ಒಂದೊಂದು ಬದಿಗೆ ಒಂದೊಂದರಂತೆ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಒಂದು ಬದಿಯ ಹಲ್ಲು ಮುರಿದರೆ ಆ ಬದಿಯ ಮೇಲೆ ಬೇರೆ ಏನನ್ನೂ ತುಂಬಿಸಲು ಬರುವುದಿಲ್ಲ. ಅಪ್ಪ ಅಮ್ಮನ ಕೂದಲಿನ ಪಿನ್ನು ತೆಗೆದುಕೊಂಡು ಆ ಹಲ್ಲುಗಳನ್ನು ಒಂದೊಂದಾಗಿ ಟಕ್ಕೆಂದು ಮುರಿಯುತ್ತಿದ್ದರು. "ಇನ್ನು ಯಾರೂ ಅಳಿಸ್ಲಿಕ್ಕೆ ಆಗುದಿಲ್ಲ ನೋಡು" ಎಂದು ನನಗೆ ತೋರಿಸುತ್ತಿದ್ದರು. ಆಮೇಲೆ ಕೈಚೀಲ ತುಂಬಿಸಿಕೊಂಡು ಬಸ್ಸು ಹತ್ತಿ ಮಡಂತ್ಯಾರು, ಬೆಳ್ತಂಗಡಿ, ಮೂಡುಬಿದಿರೆ ಎಂದು ಅಂಗಡಿ ಅಂಗಡಿ ಸುತ್ತುತ್ತಿದ್ದರು. ಹೋಗುವಾಗ ಇದ್ದ ಚೀಲ ಬರುವಾಗಲೂ ಹೆಚ್ಚುಕಡಿಮೆ ಅಷ್ಟೇ ದಪ್ಪ ಇರುತ್ತಿತ್ತು. ಅಮ್ಮ ಚೀಲವನ್ನು ನೋಡುತ್ತಿರಲಿಲ್ಲ. ಅಪ್ಪ ಚಪ್ಪಲಿ ಬಿಚ್ಚುವ ಸದ್ದಿನಲ್ಲೇ ಅವಳಿಗೆ ಲೆಕ್ಕ ತಿಳಿಯುತ್ತಿತ್ತು.

ನಮ್ಮ ಹಿಂದಿನ ಓಣಿಯಲ್ಲಿ ನೆಬಿಸಕ್ಕ ಇದ್ದರು. ಅವರ ಗಂಡ ಸೌದಿಯಲ್ಲಿ ಡ್ರೈವರ್. ನೆಬಿಸಕ್ಕನಿಗೆ ಬರೆಯಲು ಬಾರದು, ಅಮ್ಮನೇ ಕಾಗದ ಬರೆದುಕೊಡುತ್ತಿದ್ದಳು. ಗಂಡನಿಗೆ ಹೇಳಬೇಕಾದದ್ದನ್ನು ಇನ್ನೊಬ್ಬಳ ಕಿವಿಗೆ ಹಾಕಿ ಬರೆಸುವುದೆಂದರೆ ಅರ್ಧ ಮಾತು ಗಂಟಲಲ್ಲೇ ಉಳಿಯುತ್ತದಲ್ಲ. ಒಂದು ದಿನ ಅಪ್ಪ ಬೆಳ್ತಂಗಡಿಗೆ ಹೋಗಿದ್ದಾಗ ನೆಬಿಸಕ್ಕ ಜಗಲಿಯಲ್ಲಿ ಕೂತು ಮೆಲ್ಲಗೆ ಕೇಳಿದರು.

"ಅಕ್ಕಾ, ವಾಸಣ್ಣನ ಕ್ಯಾಸೆಟ್ಟಿನ ಕೊನೆಗೆ ಒಂಚೂರು ಜಾಗ ಉಂಟಾ? ನಾನು ಎರಡು ಮಾತು ಹೇಳಿ ಕಳಿಸ್ಲಾ?"

"ಜಾಗ ಎಂತಕ್ಕೆ ಇಲ್ಲ? ಬಾ ಒಳಗೆ" ಎಂದಳು ಅಮ್ಮ.

ಅಮ್ಮ ಅಪ್ಪನ ಹಾಗೆಯೇ ಕಿಟಕಿಗೆ ಹಾಸಿಗೆ ನಿಲ್ಲಿಸಿದಳು. ನೆಬಿಸಕ್ಕ ಮೈಕಿನ ಮುಂದೆ ಕೂತು, ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, "ಕೇಳ್ತದಾ?" ಎಂದು ಕೇಳಿ ಉತ್ತರಕ್ಕಾಗಿ ಕಾದರು. "ಅವರು ಕೇಳುದು ಬರುವ ತಿಂಗಳು ಮಾರಾಯ್ತಿ, ನೀನು ಹೇಳು" ಎಂದು ಅಮ್ಮ ನಗಾಡಿದಳು. ನೆಬಿಸಕ್ಕನೂ ನಕ್ಕರು. ಆಮೇಲೆ ಬ್ಯಾರಿ ಭಾಷೆಯಲ್ಲಿ ಏನೇನೋ ಹೇಳುತ್ತ ಹೋದರು, ಸಣ್ಣ ಮಗನ ಹಲ್ಲು ಬಿದ್ದದ್ದು, ಬಾವಿಯ ನೀರು ಕೆಂಪಾದದ್ದು, ಅತ್ತೆಯ ಮೊಣಗಂಟು ನೋವು. ಹೇಳುತ್ತ ಹೇಳುತ್ತ ಅತ್ತರು. ಅಮ್ಮ ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದು ಬಾಗಿಲು ಮುಂದೆ ಮಾಡಿದಳು. ಆ ವಾರ ಮುಗಿಯುವುದರೊಳಗೆ ಓಣಿಯ ಹೆಂಗಸರೆಲ್ಲ ನಮ್ಮ ಜಗಲಿಯಲ್ಲಿ ಇದ್ದರು. ಯಾರ ಮನೆಯಲ್ಲಿ ಗಲ್ಫಿಗೆ ಹೋದ ಒಬ್ಬ ಗಂಡಸಿಲ್ಲ ಹೇಳಿ? ಎಲ್ಲರಿಗೂ ಅಪ್ಪನ ಕ್ಯಾಸೆಟ್ಟು ಬೇಕಿತ್ತು, ಕೊನೆಯಲ್ಲಿ ಒಂಚೂರು ಜಾಗ ಬೇಕಿತ್ತು.

ಅಮ್ಮನ ತಲೆಗೆ ಉಪಾಯ ಹೊಳೆದದ್ದು ಆಗಲೇ. ಅಪ್ಪ ಉಣ್ಣಲು ಕೂತಾಗ ಹೇಳಿದಳು.

"ಇಲ್ಲಿ ಕೇಳಿ, ಒಂದು ಬದಿ ಖಾಲಿ ಬಿಡುವ."

"ಖಾಲಿ ಬಿಟ್ಟು?"

"ಅವರವರ ಮಾತು ತುಂಬಿಸ್ಲಿ. ಒಂದು ಬದಿ ನಿಮ್ಮ ಪದ, ಒಂದು ಬದಿ ಮನೆಯವರ ಮಾತು. ಮೈಕ್ ಇಲ್ಲದವರು ಇಲ್ಲಿಗೇ ಬರ್ಲಿ."

"ಅರ್ಧ ಪದ ನಾನು ನುಂಗಿ ಹಾಕ್ಬೇಕಾ ಹಾಗಾದ್ರೆ?"

"ಪದ ನುಂಗಿ ಹೊಟ್ಟೆ ತುಂಬುದಾದ್ರೆ ನುಂಗಿ, ನಾನು ಬೇಡ ಹೇಳಿದೆನಾ?"

ಅಪ್ಪ ಅರ್ಧ ಊಟಕ್ಕೆ ಎದ್ದರು. ಅಮ್ಮನೂ ಉಣ್ಣಲಿಲ್ಲ. ನಾನೊಬ್ಬಳೇ ಇಬ್ಬರನ್ನೂ ನೋಡುತ್ತ ಉಂಡೆ. ಆಮೇಲೆ ಅಪ್ಪ ಒಪ್ಪಿಕೊಂಡರು. ಪ್ರೀತಿಯಿಂದಲೋ, ಹಸಿವಿಗೋ, ನನ್ನ ಹರಿದ ಚಪ್ಪಲಿಗೋ ನನಗೆ ಗೊತ್ತಿಲ್ಲ. ಸಂತೆಯ ಹೆಂಗಸಿನ ಪದ ಬಿಟ್ಟುಹೋಯಿತು. ಹೊಳೆಯ ಪದ ಉಳಿಯಿತು. ಹೊಸ ಕ್ಯಾಸೆಟ್ಟಿನಲ್ಲಿ ಪದವಿದ್ದ ಬದಿಯ ಹಲ್ಲನ್ನು ಮಾತ್ರ ಮುರಿದು, ಖಾಲಿ ಬದಿಯದ್ದನ್ನು ಹಾಗೇ ಬಿಟ್ಟರು. ದೇವರಾಣೆ, ಹೇಗೆ ಹೋಯಿತು ಅಂತೀರಿ! ಚೀಲ ಖಾಲಿಯಾಗಿ ಬರತೊಡಗಿತು. ಊರಿಗೆ ಬಂದು ವಾಪಸು ಹೋಗುವವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಹಪ್ಪಳದ ಜೊತೆ ಅಪ್ಪನ ಕ್ಯಾಸೆಟ್ಟು ಇದ್ದೇ ಇರುತ್ತಿತ್ತು. ನನಗೆ ಹೊಸ ಚಪ್ಪಲಿ ಬಂತು, ಅಮ್ಮನಿಗೆ ಮೀನು ತರುವ ಧೈರ್ಯ ಬಂತು. ಮಧ್ಯಾಹ್ನವಾದರೆ ನಮ್ಮ ನಡುಕೋಣೆಯಲ್ಲಿ ಯಾರಾದರೊಬ್ಬರು ಗಂಟಲು ಸರಿಮಾಡಿಕೊಂಡು "ಕೇಳ್ತದಾ?" ಎನ್ನುತ್ತಿದ್ದರು. ತಾಯಂದಿರು, ಹೊಸ ಮದುವಣಗಿತ್ತಿಯರು ಎಲ್ಲ ಬರುತ್ತಿದ್ದರು. ಒಬ್ಬ ಅಜ್ಜ ಬಂದು ಮಾತೇ ಹೊರಡದೆ ಕೆಮ್ಮಿ ಮಾತ್ರ ಕಳಿಸಿದ್ದರು. ಗೋಡೆಯ ಈಚೆಗೆ ಕೂತು ಆ ಮಾತುಗಳನ್ನೆಲ್ಲ ಕೇಳುತ್ತ ಬೆಳೆದವಳು ನಾನು. ಇವತ್ತಿಗೂ ಯಾರಾದರೂ ಮಾತನಾಡುವಾಗ ನಡುವೆ ಬಾಯಿ ಹಾಕಲು ನನಗೆ ಆಗುವುದಿಲ್ಲ. ನನ್ನ ಗಂಡ ಇದನ್ನು ಒಳ್ಳೆಯ ಗುಣ ಎಂದುಕೊಂಡಿದ್ದಾರೆ, ಪಾಪ.

ಅಮ್ಮ ಗೆದ್ದಿದ್ದಳು. ಆದರೆ ಅಪ್ಪ ಸೋಲುತ್ತಿರುವುದು ನಮಗೆ ಕಾಣುತ್ತಿತ್ತು. ಬರುಬರುತ್ತ ಅವರು ಬಸ್ಸಿನಿಂದಿಳಿದು ಬಂದರೆ ಖಾಲಿ ಚೀಲವನ್ನು ಮೂಲೆಗೆ ಎಸೆದು ಜಗಲಿಯಲ್ಲಿ ಮಲಗಿಬಿಡುತ್ತಿದ್ದರು. ಒಂದು ದಿನ ಶಾಲೆಗೆ ರಜೆ ಇತ್ತೆಂದು ನನ್ನನ್ನೂ ಮಡಂತ್ಯಾರಿಗೆ ಕರೆದುಕೊಂಡು ಹೋದರು. ಅಲ್ಲಿ ಪೂವಪ್ಪಣ್ಣನ ಫ್ಯಾನ್ಸಿ ಅಂಗಡಿಯೆಂದರೆ ನಮ್ಮ ಕ್ಯಾಸೆಟ್ಟು ಎಲ್ಲಕ್ಕಿಂತ ಹೆಚ್ಚು ಹೋಗುವ ಜಾಗ. ಪೂವಪ್ಪಣ್ಣ ನನಗೆ ಬಳೆ ತೋರಿಸಿ, ಅಪ್ಪನಿಗೆ ಸೋಡಾ ತರಿಸಿ, ಭಾರೀ ಖುಷಿಯಲ್ಲಿ ಹೇಳಿದರು.

"ವಾಸಣ್ಣ, ನಿಮ್ಮ ಕ್ಯಾಸೆಟ್ಟಿಗೆ ಭಯಂಕರ ಡಿಮಾಂಡ್ ಉಂಟು ಮಾರಾಯ್ರೆ. ಒಂದು ಮಾತು ಹೇಳ್ಲಾ? ಬೇಜಾರ ಮಾಡ್ಬಾರ್ದು."

"ಹೇಳಿ."

"ಎರಡೂ ಬದಿ ಖಾಲಿ ಇದ್ರೆ ಇನ್ನೂ ಹೋಗ್ತಿತ್ತು. ಜನ ಕೇಳ್ತಾರೆ, ಮಾತಾಡ್ಲಿಕ್ಕೆ ಜಾಗ ಸಾಕಾಗುದಿಲ್ಲಂತೆ."

ಅಪ್ಪ ಸೋಡಾ ಪೂರ್ತಿ ಕುಡಿದರು. "ನೋಡುವ ಪೂವಪ್ಪಣ್ಣ" ಎಂದರು. ಪೂವಪ್ಪಣ್ಣನ ಮೇಲೆ ನನಗೆ ಆಗ ಬಂದ ಸಿಟ್ಟು ಇಷ್ಟಷ್ಟಲ್ಲ. ಈಗ ಯೋಚಿಸಿದರೆ ಪಾಪ ಆ ಮನುಷ್ಯ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಬಸ್ಸಿನಲ್ಲಿ ಬರುವಾಗ ಅಪ್ಪ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಚಾಲಕನ ಹತ್ತಿರ ಟೇಪು ಇತ್ತು, ಯಾವುದೋ ಸಿನಿಮಾ ಹಾಡು ಬರುತ್ತಿತ್ತು. ಅಪ್ಪ ಯಾವತ್ತೂ ಹಾಡು ಕೇಳಿದರೆ ತೊಡೆಯ ಮೇಲೆ ತಾಳ ಹಾಕುವವರು. ಅವತ್ತು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು.

ಮನೆಯಲ್ಲಿ ಅಮ್ಮನಿಗೆ ಅವರು ಏನೂ ಹೇಳಲಿಲ್ಲ. ಹೇಳಿದ್ದು ನಾನು. ಅಮ್ಮ ಒಲೆಗೆ ಕಟ್ಟಿಗೆ ದೂಡುತ್ತಿದ್ದವಳು ಕೈ ನಿಲ್ಲಿಸಿದಳು. ಆಮೇಲೆ ಅಪ್ಪನ ಹತ್ತಿರ ಹೋಗಿ, ಎರಡೂ ಬದಿ ಪದ ಇರುವ ಹೊಸ ಕ್ಯಾಸೆಟ್ಟು ಒಂದು ಮಾಡುವ, ಮಾರಿ ಹೋಗದಿದ್ದರೆ ಬೇಡ, ಮನೆಯಲ್ಲಿರಲಿ ಎಂದಳು. ಆ ಮಾತಿಗೆ ಅಪ್ಪನ ಮುಖ ಅರಳಿದ್ದನ್ನು ನಾನು ಕಂಡಿದ್ದೇನೆ. ಮರುದಿನವೇ ಹಾಸಿಗೆ ಕಿಟಕಿಗೆ ಏರಿತು, ಗಂಜಿ ಚಟ್ನಿ ಶುರುವಾಯಿತು. ಹಾರ್ಮೋನಿಯಂ ತೆಗೆದು ಅಪ್ಪ ಇನ್ನೇನು ಕೂರಬೇಕು, ನೆಬಿಸಕ್ಕ ಓಡಿಕೊಂಡು ಬಂದರು. ಅವರ ಗಂಡ ಕಳಿಸಿದ ಉತ್ತರ ಬಂದಿತ್ತು, ಅಪ್ಪನ ಕ್ಯಾಸೆಟ್ಟಿನಲ್ಲೇ. ಗಲ್ಫಿನವರು ಹಾಗೆ ಮಾಡುತ್ತಿದ್ದರು, ಅದೇ ಕ್ಯಾಸೆಟ್ಟನ್ನು ತಿರುಗಿ ಕಳಿಸುವುದು. ಅವರ ಮನೆಯ ಟೇಪು ಹಾಳಾಗಿತ್ತು, ಇಲ್ಲಿ ಹಾಕಿ ಕೇಳಲಾ ಎಂದರು. "ಅದಕ್ಕೆಂತ, ಬಾ" ಎಂದರು ಅಪ್ಪ. ತಾವೇ ಹಾಕಿಕೊಟ್ಟರು.

ಮೊದಲು ಅಪ್ಪನ ಹಾರ್ಮೋನಿಯಂ ಬಂತು. ಹೊಳೆಯ ಪದ. ನಾಲ್ಕು ಸಾಲು ಆಗಿತ್ತೋ ಇಲ್ಲವೋ, ಪದ ಗಕ್ಕನೆ ತುಂಡಾಗಿ ಗಂಡಸಿನ ಸ್ವರ ಬಂತು. ಹಿನ್ನೆಲೆಯಲ್ಲಿ ಫ್ಯಾನಿನ ಸದ್ದು. ನೆಬಿಸಕ್ಕನ ಗಂಡ ನಗುತ್ತಾ ಮಾತಾಡುತ್ತಿದ್ದರು. ಕೇಳಿ ತಿಳಿಯುವಷ್ಟು ಬ್ಯಾರಿ ನಮಗೆಲ್ಲ ಬರುತ್ತಿತ್ತು. ಆ ಬದಿಯಲ್ಲಿ ನಿನ್ನ ಮಾತು ಉಂಟಲ್ಲ, ಅದನ್ನು ಅಳಿಸಲಿಕ್ಕೆ ನನಗೆ ಮನಸ್ಸು ಬರಲಿಲ್ಲ, ದಿನಾ ಕೆಲಸ ಬಿಟ್ಟು ಬಂದು ಅದನ್ನೇ ಕೇಳುವುದು, ಹಾಗಾಗಿ ವಾಸಣ್ಣನ ಪದದ ಮೇಲೆ ಮಾತಾಡುತ್ತಾ ಇದ್ದೇನೆ, ಹಲ್ಲು ಮುರಿದ ತೂತಿಗೆ ಸ್ವಲ್ಪ ಪೇಪರು ತುರುಕಿದರೆ ಆಗುತ್ತದೆ, ಇಲ್ಲಿ ಎಲ್ಲರೂ ಹಾಗೆಯೇ ಮಾಡುವುದು, ನೀನು ಕೇಳಿ ಆದ ಮೇಲೆ ಇದನ್ನೇ ನನಗೆ ತಿರುಗಿ ಕಳಿಸು, ವಾಸಣ್ಣನಿಗೆ ಸಲಾಂ ಹೇಳು ಎಂದಿದ್ದರು.

ನೆಬಿಸಕ್ಕನ ಕೈ ಬಾಯಿಗೆ ಹೋಯಿತು. "ಅಲ್ಲಾ! ವಾಸಣ್ಣ, ಅವರಿಗೆ ಗೊತ್ತಾಗುದಿಲ್ಲ..." ಎಂದರು.

"ಏನಾಗ್ಲಿಲ್ಲ ನೆಬಿಸ. ಪೂರ್ತಿ ಕೇಳು ನೀನು" ಎಂದು ಅಪ್ಪ ಜಗಲಿಗೆ ಎದ್ದು ಹೋದರು. ಬೈದಿದ್ದರೆ, ಬಾಗಿಲು ಬಡಿದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು. ಎಲ್ಲರೂ ಹಾಗೆಯೇ ಮಾಡುವುದು ಎಂಬ ಆ ಮಾತು ಮನೆಯೊಳಗೇ ಉಳಿಯಿತು. ಸೌದಿ, ದುಬೈ, ಮಸ್ಕತ್ತು, ಎಲ್ಲೆಲ್ಲಿಗೆ ಅಪ್ಪನ ಪದ ಹೋಗಿತ್ತೋ ಅಲ್ಲೆಲ್ಲ ಯಾರೋ ಒಬ್ಬ ಕೆಲಸ ಬಿಟ್ಟು ಬಂದು ಪೇಪರು ತುರುಕುತ್ತಿದ್ದ. ಅವನ ಮೇಲೆ ಹೇಗೆ ಸಿಟ್ಟು ಮಾಡುವುದು? ಅವನು ಹೆಂಡತಿಯ ಹತ್ತಿರ ಮಾತಾಡಬೇಕಿತ್ತು. ಅಮ್ಮ ಹಾಸಿಗೆಯನ್ನು ಕಿಟಕಿಯಿಂದ ಇಳಿಸಲಿಲ್ಲ. ಅಪ್ಪ ಬಂದು ಇಳಿಸಿದರು. ಹೊಸ ಕ್ಯಾಸೆಟ್ಟಿನ ಮಾತು ಅಲ್ಲಿಗೆ ನಿಂತಿತು.

ಆಮೇಲೆ ರಂಜಾನ್ ತಿಂಗಳ ನೋಂಬು ಬಂತು, ಅದರ ಜೊತೆಗೆ ನೆರೆಯೂ ಬಂತು. ಪೇಟೆಯ ಅಂಗಡಿಗಳು ಮುಚ್ಚಿದ್ದವು. ನಮ್ಮ ಹೊಸ್ತಿಲಿಗೆ ನೀರು ಬಂದು ಅಲ್ಲಿಗೇ ನಿಂತಿತ್ತು. ಹಬ್ಬದ ಮೊದಲು ಮಕ್ಕಳಿಗೆ ಮಾತು ಕಳಿಸಬೇಕೆಂದು ಹೆಂಗಸರು ಸೀರೆ ಎತ್ತಿ ಹಿಡಿದು ನೀರಿನಲ್ಲೇ ಬಂದರು. ಇದ್ದ ಕ್ಯಾಸೆಟ್ಟುಗಳೆಲ್ಲ ಮುಗಿದವು. ಕೊನೆಗೆ ಬಂದವಳು ಒಬ್ಬ ಮುದುಕಿ, ಎರಡು ವರ್ಷದಿಂದ ಮಗನ ಮುಖ ನೋಡದವಳು. ಮರುದಿನ ಗಲ್ಫಿಗೆ ಹೋಗುವ ಒಬ್ಬರ ಕೈಯಲ್ಲಿ ಕಳಿಸಬೇಕಿತ್ತು. ಕ್ಯಾಸೆಟ್ಟಿಲ್ಲ ಅಜ್ಜೀ ಎಂದರೆ ಕೇಳದೆ ಜಗಲಿಯಲ್ಲೇ ಕೂತುಬಿಟ್ಟಳು. ಅಪ್ಪ ಅಟ್ಟ ಹತ್ತಿದರು. ಇಳಿಯುವಾಗ ಅವರ ಕೈಯಲ್ಲಿ ಮೂಲ ಕ್ಯಾಸೆಟ್ಟಿತ್ತು, ಎಲ್ಲ ಪದಗಳೂ ಇದ್ದದ್ದು, ಸಂತೆಯ ಹೆಂಗಸಿನದ್ದೂ.

ಅಮ್ಮ ಅಡ್ಡ ನಿಂತಳು. "ಬೇಡ. ನಿಮ್ಮ ಕಾಲು ಹಿಡೀತೇನೆ, ಅದೊಂದು ಬೇಡ."

"ಇಟ್ಟು ಎಂತ ಮಾಡುದು? ಫಂಗಸ್ ಹಿಡಿಸ್ಲಿಕ್ಕಾ?"

"ನನಗೆ ಬೇಕು. ನಾನು ಕೇಳ್ತೇನೆ."

"ನೀನು ಎಷ್ಟು ಕೇಳಿದ್ದಿ ಮಾರಾಯ್ತಿ, ಸಾಕು ಇನ್ನು. ಆ ಅಜ್ಜಿಯ ಮಗ ಕೇಳ್ಲಿ."

ಅಪ್ಪ ತಾವೇ ಪೇಪರು ಹರಿದು ಮಡಚಿ ಎರಡೂ ತೂತಿಗೆ ತುರುಕಿದರು. ತಾವೇ ಕೆಂಪು ಗುಂಡಿ ಒತ್ತಿದರು. ಮುದುಕಿ ಕೈ ಜೋಡಿಸಿಕೊಂಡು ಕೂತು ಮಗನನ್ನು ಹೆಸರು ಹಿಡಿದು ಕರೆದಳು. ಎರಡೂ ಬದಿ ಮುಗಿಯುವವರೆಗೆ ಮಾತಾಡಿದಳು. ಅಷ್ಟೂ ಹೊತ್ತು ಅಪ್ಪ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದರು, ಬದಿ ತಿರುಗಿಸಬೇಕಾದಲ್ಲಿ ತಿರುಗಿಸಿದರು. ಅಮ್ಮ ಅಡಿಗೆಮನೆಯಲ್ಲಿ ಒಲೆಯ ಮುಂದೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು, ಸದ್ದು ಆಗಬಾರದಲ್ಲ. ನೀರು ಇಳಿದ ಮೇಲೆ ಅಪ್ಪ ಪೂವಪ್ಪಣ್ಣನಿಗೆ ಎರಡೂ ಬದಿ ಖಾಲಿ ಇರುವ ಕ್ಯಾಸೆಟ್ಟುಗಳನ್ನು ಕೊಟ್ಟು ಬಂದರು. ಹಾರ್ಮೋನಿಯಂ ಅಟ್ಟದಿಂದ ಇಳಿಯಲಿಲ್ಲ. ಮನೆಯಲ್ಲಿ ಯಾವಾಗ ಬೇಕಾದರೂ ಒಗ್ಗರಣೆ ಹಾಕಬಹುದಿತ್ತು, ಆದರೆ ಅಮ್ಮನ ಕೈಗೆ ಅದು ಬರುತ್ತಲೇ ಇರಲಿಲ್ಲ.

ಅವನು ಬಂದದ್ದು ಆ ಮಳೆಗಾಲ ಕಳೆದ ಮೇಲೆ, ಒಂದು ಮಧ್ಯಾಹ್ನ. ಚಾರ್ಮಾಡಿ ಕಡೆಯ ಜೀಪಿನ ಚಾಲಕ, ಮೂವತ್ತರ ಆಸುಪಾಸು, ಬೆವರಿ ಮುದ್ದೆಯಾಗಿದ್ದ. ಕೈಯಲ್ಲಿ ಟೇಪು ಹೊರಗೆ ಬಂದು ಗಂಟುಗಂಟಾದ ಒಂದು ಕ್ಯಾಸೆಟ್ಟು, ಅಪ್ಪನ ಮೊದಲಿನದ್ದು, ಎರಡೂ ಬದಿ ಪದ ಇದ್ದದ್ದು. ಚೀಟಿಯ ವಿಳಾಸ ಹಿಡಿದು ಓಣಿ ಓಣಿ ಕೇಳಿಕೊಂಡು ಬಂದಿದ್ದ. ಅಪ್ಪ ಜಗಲಿಯಲ್ಲಿದ್ದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ.

"ಈ ಪದ ಹಾಡಿದವರ ಮನೆ ಇದೇನಾ?"

"ಎಂತ ಆಗ್ಬೇಕಿತ್ತು?"

"ಇದು ಜೀಪಿನ ಟೇಪಿನಲ್ಲಿ ಸಿಕ್ಕಿಹಾಕಿಕೊಂಡು ಹಾಳಾಯ್ತು. ಇಂಥದ್ದೇ ಇನ್ನೊಂದು ಬೇಕಿತ್ತು. ಬೆಳ್ತಂಗಡಿಯಲ್ಲಿ ಕೇಳಿದೆ, ಮೂಡುಬಿದಿರೆಯಲ್ಲೂ ಕೇಳಿದೆ. ಎಲ್ಲ ಕಡೆ ಖಾಲಿಯದ್ದೇ ಕೊಡ್ತಾರೆ."

"ಈಗ ಖಾಲಿಯದ್ದೇ ಬರುದು. ಮಾತು ತುಂಬಿಸಿ ಕಳಿಸ್ಲಿಕ್ಕೆ."

"ನನಗೆ ಗಲ್ಫಿನಲ್ಲಿ ಯಾರೂ ಇಲ್ಲ" ಎಂದು ಅವನು ನಾಚಿಕೊಂಡ ಹಾಗೆ ನಕ್ಕ. "ನನಗೆ ಪದ ಸಾಕು. ಘಾಟಿ ಇಳಿಯುವಾಗ ಇದನ್ನೇ ಹಾಕುದು. ಆ ಬಸ್ಸು ತಪ್ಪಿದ ಹೆಂಗಸಿಂದು ಉಂಟಲ್ಲ, ಅದು ಬಂದ್ರೆ ಗಾಡಿ ನಿಲ್ಲಿಸಿ ಕೇಳ್ತೇನೆ."

ಮತ್ತೆ ಅವನು, ಯಾರೂ ಹೇಳದೆ, ನಮ್ಮ ಮೆಟ್ಟಿಲ ಮೇಲೆ ನಿಂತು ಆ ಪದದ ಒಂದು ಸಾಲು ಹಾಡಿದ. ಸ್ವರ ಒಳ್ಳೆಯದಿರಲಿಲ್ಲ. ಮೇಲೆ ಹೋದದ್ದು ಅಲ್ಲೇ ನಿಂತುಬಿಟ್ಟಿತು.

"ಅಲ್ಲಿ ಇಳಿಸ್ಬೇಕು" ಎಂದರು ಅಪ್ಪ. ಬಾಯಿ ತಪ್ಪಿ ಬಂದ ಮಾತು ಅದು.

ಅವನ ಕಣ್ಣು ಹೊಳೆಯಿತು. "ನಿಮಗೆ ಅವರ ಗುರ್ತ ಉಂಟಾ?"

"ಗುರ್ತ ಇತ್ತು."

"ಈಗ ಎಲ್ಲಿದ್ದಾರೆ?"

"ಇಲ್ಲೇ ಇದ್ರು. ಈಗ ಇಲ್ಲ."

ಇವರೇ, ಇವರೇ ಎಂದು ಕೂಗಲು ನಾನು ಬಾಯಿ ತೆರೆದೆ. ಅಪ್ಪ ನನ್ನ ಕಡೆ ನೋಡಿದರು. ಆ ನೋಟಕ್ಕೆ ನಾನು ಕಂಬದ ಹಿಂದೆ ಸರಿದೆ. ಆ ಮನುಷ್ಯ ಹಾಳಾದ ಕ್ಯಾಸೆಟ್ಟನ್ನು ಬಿಸಾಡದೆ ಹುಷಾರಾಗಿ ಕಿಸೆಗೆ ಹಾಕಿಕೊಂಡ.

"ಸಿಕ್ಕಿದ್ರೆ ಅವರಿಗೆ ಹೇಳಿ, ಚಾರ್ಮಾಡಿಯಲ್ಲಿ ಒಬ್ಬ ಹುಡುಕಿಕೊಂಡು ಬಂದಿದ್ದ ಅಂತ."

"ಸಿಕ್ಕಿದ್ರೆ ಹೇಳ್ತೇನೆ" ಎಂದರು ಅಪ್ಪ.

ಅವನು ಓಣಿ ದಾಟಿದ. ಆಮೇಲೆ ಒಳಗಿನಿಂದ ಅಮ್ಮ ಓಡಿಬಂದಳು. ಅವಳ ಮುಖವಿಡೀ ಒದ್ದೆಯಾಗಿತ್ತು.

"ಎಂತಕ್ಕೆ ಹೇಳ್ಲಿಲ್ಲ? ನಾನೇ ಅಂತ ಒಂದು ಮಾತು ಹೇಳ್ಬಾರ್ದಿತ್ತಾ? ಅಷ್ಟು ದೂರದಿಂದ ಬಂದಿದ್ದ, ನಿಮ್ಮ ಪದಕ್ಕೆಂದೇ ಬಂದಿದ್ದ!"

ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

"ಹೇಳಿದ್ರೆ, ಒಂದು ಪದ ಹಾಡಿ ಅಂತಿದ್ದ" ಎಂದರು.

ಅಮ್ಮ ಹೊಸ್ತಿಲಲ್ಲೇ ಕುಸಿದು ಕೂತಳು, ಜೋರಾಗಿ ಅತ್ತಳು, ಸದ್ದಾಗುತ್ತದೆ ಎಂದು ಈಗ ಹೆದರಬೇಕಾಗಿರಲಿಲ್ಲ. ಅವತ್ತು ಮಧ್ಯಾಹ್ನ ಅಪ್ಪನಿಗೆ ಗಂಜಿ ಬಡಿಸಿದವಳು ನಾನು.